ನಿರಾಶೆಗೊಂಡ ಓದುಗ: ರಕ್ತಪಿಶಾಚಿಯ ಕಾದಂಬರಿಯೊಂದರ ನೆಪದಲ್ಲಿ ವಿಮರ್ಶೆಯ ಮೊದಲ ಪಾಠ

ಇಯತ್ತೆ ಒಂಬತ್ತು ಮತ್ತು ಹತ್ತು. ನಾಲ್ಕು ಅವಧಿಗಳು.

ಅಕ್ಕಲಕೋಟೆ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬ ದಪ್ಪನೆಯ ಭಯಾನಕ ಕಾದಂಬರಿಯೊಂದನ್ನು ಅರ್ಧ ಓದಿ ಬಿಟ್ಟಿದ್ದಾನೆ ಎಂದು ಭಾವಿಸೋಣ. ಪುಸ್ತಕ ಅಣ್ಣನದಿರಬಹುದು, ಸೊಲ್ಲಾಪುರದ ಹಳೆಯ ಪುಸ್ತಕಗಳ ಅಂಗಡಿಯಿಂದ ಬಂದದ್ದಿರಬಹುದು, ಕನ್ನಡದ್ದಿರಬಹುದು, ಮರಾಠಿಯದಿರಬಹುದು. ಮುಖಪುಟದ ಮೇಲೆ ಕೋರೆಹಲ್ಲಿನ ಮುಖ, ಒಳಗೆ ಅಧ್ಯಾಯಕ್ಕೊಂದು ಕೊಲೆ. ಯಾಕೆ ಬಿಟ್ಟೆ ಎಂದು ಗುರುಗಳು ಕೇಳಿದರೆ ಅವನ ಉತ್ತರ ಇಷ್ಟೇ: "ತೆಲಿಗೇ ಹತ್ತಲಿಲ್ರೀ ಸರ. ಬರೇ ರಕ್ತಾನ ರಕ್ತ."

ಈ ಉತ್ತರಕ್ಕೆ ಶಾಲೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಪ್ರತಿಕ್ರಿಯೆ ಎರಡು ಬಗೆಯದು. ಅಂಥ ಪುಸ್ತಕವನ್ನು ಓದೆಂದು ಹೇಳಿದವರು ಯಾರು ಎಂಬ ಗದರಿಕೆ ಒಂದು. ನಿನ್ನ ಓದು ಇನ್ನೂ ಸುಧಾರಿಸಬೇಕು ಎಂಬ ಹಿತವಚನ ಇನ್ನೊಂದು. ಮೊದಲನೆಯದು ಪುಸ್ತಕವನ್ನು ಕಸಿದುಕೊಳ್ಳುತ್ತದೆ. ಎರಡನೆಯದು ಅದಕ್ಕಿಂತ ಹೆಚ್ಚಿನದನ್ನು ಕಸಿದುಕೊಳ್ಳುತ್ತದೆ. ಹುಡುಗ ಹೇಳಿದ ಎರಡು ವಾಕ್ಯಗಳಲ್ಲಿ ಎರಡು ಸ್ಪಷ್ಟವಾದ ಆಕ್ಷೇಪಣೆಗಳಿವೆ. ಕತೆ ಗೊಂದಲಮಯವಾಗಿದೆ ಎಂಬುದು ಒಂದು, ಹಿಂಸೆಯ ವರ್ಣನೆ ಮಿತಿ ಮೀರಿದೆ ಎಂಬುದು ಇನ್ನೊಂದು. ಅವು ನಿಜವೋ ಅಲ್ಲವೋ ಎಂದು ಪರೀಕ್ಷಿಸುವ ಮೊದಲೇ ತಪ್ಪು ಓದಿದವನದೆಂದು ತೀರ್ಮಾನವಾಗಿಬಿಡುತ್ತದೆ.

ಗಡಿನಾಡಿನ ಕನ್ನಡ ಮಗುವಿಗೆ ಈ ತೀರ್ಮಾನ ಬೇರೆಡೆಗಿಂತ ಹೆಚ್ಚು ಹಾನಿ ಮಾಡುತ್ತದೆ. ಮನೆಯಲ್ಲಿ ಒಂದು ಬಗೆಯ ಕನ್ನಡ, ಪಠ್ಯಪುಸ್ತಕದಲ್ಲಿ ಇನ್ನೊಂದು ಬಗೆಯ ಕನ್ನಡ, ಪೇಟೆಯಲ್ಲಿ ಹಾಗೂ ಕಚೇರಿಯಲ್ಲಿ ಮರಾಠಿ, ಸೊಲ್ಲಾಪುರ ನಗರದ ನೇಕಾರರ ಕೇರಿಗಳಲ್ಲಿ ತೆಲುಗು. ಇಷ್ಟು ನುಡಿಗಳ ನಡುವೆ ಬೆಳೆಯುವ ಮಗು, ಅರ್ಥವಾಗದ ಪುಟ ಎದುರಾದೊಡನೆ ತನ್ನ ಭಾಷೆಯೇ ಸಾಲದೆಂದು ನಂಬುವುದನ್ನು ಬೇಗ ಕಲಿತುಬಿಡುತ್ತದೆ. ಕೆಟ್ಟದಾಗಿ ಬರೆದ ಪುಸ್ತಕವೂ ಲೋಕದಲ್ಲಿ ಇದೆ, ಅದನ್ನು ಗುರುತಿಸುವ ಅಧಿಕಾರ ತನಗೂ ಇದೆ ಎಂಬುದನ್ನು ಆ ಮಗುವಿಗೆ ಯಾರೂ ಹೇಳಿರುವುದಿಲ್ಲ. ಕೃತಿಪತ್ರಿಕೆಯಲ್ಲಿ 'ಸ್ವಮತ' ಬರೆಯಲು ಹೇಳಿದಾಗ ಎಲ್ಲರ ಉತ್ತರವೂ 'ಈ ಪಾಠ ನನಗೆ ಬಹಳ ಇಷ್ಟವಾಯಿತು' ಎಂದೇ ಆರಂಭವಾಗುವುದರ ಕಾರಣವನ್ನು ಇಲ್ಲಿಯೂ ಹುಡುಕಬೇಕು.

ಕನ್ನಡದ ಸಂಪ್ರದಾಯ ಇಂಥ ಅಂಜಿಕೆಯನ್ನು ಕಲಿಸಿದ್ದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದಲ್ಲಿ ಇಂದು ಉಪಲಬ್ಧವಿರುವ ಮೊದಲ ಗ್ರಂಥ. ಅದರ ಮೊದಲ ಪರಿಚ್ಛೇದದ ಹೆಸರೇ 'ದೋಷಾದೋಷಾನುವರ್ಣನ ನಿರ್ಣಯ'. ಯಾವುದು ದೋಷ, ಯಾವುದು ದೋಷವಲ್ಲ ಎಂಬ ವಿವೇಚನೆಯನ್ನು ಮುಗಿಸಿದ ಮೇಲೆಯೇ ಆ ಗ್ರಂಥ ಅಲಂಕಾರಗಳ ಕಡೆಗೆ ತಿರುಗುತ್ತದೆ. ನಾಡಿನ ಜನ ಶಾಸ್ತ್ರವನ್ನು ಓದದೆಯೂ ಕಾವ್ಯದಲ್ಲಿ ನುರಿತವರು ಎಂಬ ಅದರ ಮಾತು ಶಿಕ್ಷಕರೆಲ್ಲರಿಗೂ ಗೊತ್ತು. ಅದರ ಬೆನ್ನಿಗೇ, ಚಿಕ್ಕ ಮಕ್ಕಳಿಗೂ ತಮ್ಮ ನುಡಿಯ ವಿವೇಕ ಉಂಟು ಎಂಬ ಅಭಿಪ್ರಾಯ ಬರುತ್ತದೆ. ಅದನ್ನು ಶಾಲೆಗಳಲ್ಲಿ ಅಷ್ಟಾಗಿ ಉದ್ಧರಿಸುವುದಿಲ್ಲ. 'ತೆಲಿಗೇ ಹತ್ತಲಿಲ್ಲ' ಎಂದ ಹುಡುಗ ಆ ಪರಂಪರೆಗೆ ಹೊರಗಿನವನಲ್ಲ.

ನಿಂತ ಪುಟ

ಮೊದಲ ಅವಧಿಯಲ್ಲಿ ಪುಸ್ತಕ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯನ್ನು ಎತ್ತಬಾರದು. ಓದು ನಿಂತದ್ದು ಯಾವ ಪುಟದಲ್ಲಿ ಎಂದು ಮಾತ್ರ ಕೇಳಬೇಕು. ವಿದ್ಯಾರ್ಥಿಗೆ ಆ ಪುಟ ಸಾಮಾನ್ಯವಾಗಿ ನೆನಪಿರುತ್ತದೆ. ಇಲ್ಲವಾದರೆ ಮಡಿಚಿದ ಮೂಲೆ ಹೇಳುತ್ತದೆ. ಆ ಪುಟದಿಂದ ಹತ್ತು ಪುಟ ಹಿಂದಕ್ಕೆ ಹೋಗಿ ಮತ್ತೊಮ್ಮೆ ಓದಿ, ಪ್ರತಿ ಪುಟಕ್ಕೂ ನಾಲ್ಕು ಸಂಗತಿಗಳನ್ನು ವಹಿಯಲ್ಲಿ ಬರೆದುಕೊಳ್ಳಬೇಕು: ಈಗ ಕತೆ ಹೇಳುತ್ತಿರುವವರು ಯಾರು, ಸ್ಥಳ ಯಾವುದು, ಸಮಯ ಯಾವುದು, ಹಿಂದಿನ ಘಟನೆಯಿಂದ ಈ ಘಟನೆ ಹೇಗೆ ಹುಟ್ಟಿತು. ಹಿಂಸೆಯ ವರ್ಣನೆ ತೀವ್ರವಾಗಿರುವ ಪುಟಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುವ ಅಗತ್ಯವಿಲ್ಲ. ಪುಸ್ತಕ ಓದಿ ಹೆದರಿದ, ರಾತ್ರಿ ನಿದ್ದೆ ಕೆಟ್ಟ ಮಗು ತರಗತಿಯಲ್ಲಿದ್ದರೆ ಅದನ್ನು ಹಾಸ್ಯದ ವಸ್ತುವಾಗಲು ಬಿಡಬಾರದು.

ಈ ನಾಲ್ಕು ಸಂಗತಿಗಳನ್ನು ಬರೆಯತೊಡಗಿದಾಗ ತಪ್ಪು ಎಲ್ಲಿದೆ ಎಂಬುದು ತಾನಾಗಿಯೇ ಬೇರ್ಪಡುತ್ತದೆ. ಕೆಲವೆಡೆ ವಿದ್ಯಾರ್ಥಿ ಒಂದು ಪುಟವನ್ನು ಹಾರಿಸಿರುತ್ತಾನೆ, ಅಥವಾ ಎರಡು ಹೆಸರುಗಳನ್ನು ಒಂದೆಂದು ಭಾವಿಸಿರುತ್ತಾನೆ. ಅದು ಓದಿನ ತಪ್ಪು, ತಿದ್ದಿಕೊಂಡರೆ ಕತೆ ಮುಂದೆ ಸಾಗುತ್ತದೆ. ಕೆಲವೆಡೆ ಒಂದು ಶಬ್ದ ಗೊತ್ತಿರುವುದಿಲ್ಲ. ಅದು ಯಾರ ತಪ್ಪೂ ಅಲ್ಲ, ನಿಘಂಟು ಇದೆ. ಆದರೆ ಎಲ್ಲ ಶಬ್ದಗಳೂ ಗೊತ್ತಿದ್ದು, ಒಂದು ಪುಟವನ್ನೂ ಬಿಡದೆ ಎರಡು ಸಲ ಓದಿಯೂ, ಮೂರನೆಯ ಅಧ್ಯಾಯದಲ್ಲಿ ಸತ್ತ ಮನುಷ್ಯ ಏಳನೆಯ ಅಧ್ಯಾಯದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರೆ, ಮತ್ತು ಅದಕ್ಕೆ ಕಾರಣ ಎಲ್ಲಿಯೂ ದೊರೆಯದಿದ್ದರೆ? ಆ ಸಂದರ್ಭದಲ್ಲಿ ಶಿಕ್ಷಕರು ಹೇಳಬೇಕಾದ ಮಾತು ಒಂದೇ: "ತಮ್ಮಾ, ಇದು ನಿನ್ನ ತಪ್ಪಲ್ಲ." ಈ ಮಾತು ಸಡಿಲವಾಗಿ ಬರಬಾರದು, ಪರೀಕ್ಷೆಯ ನಂತರ ಬಂದಾಗ ಮಾತ್ರ ಅದಕ್ಕೆ ಬೆಲೆ.

ಸಂಕೀರ್ಣವೂ ಗೊಂದಲವೂ

ಎರಡನೆಯ ಅವಧಿಯ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಗೊಂದಲ ದೋಷವೆಂದು ತಿಳಿದ ವಿದ್ಯಾರ್ಥಿ, ಕಷ್ಟವಾದ ಪ್ರತಿಯೊಂದು ಪುಸ್ತಕವನ್ನೂ ದೋಷಯುಕ್ತವೆಂದು ತಳ್ಳಿಹಾಕುವ ಅಪಾಯವಿದೆ. ಸಂಕೀರ್ಣವಾದ ಕತೆ ಬೇರೆ, ಗೊಂದಲದ ಕತೆ ಬೇರೆ ಎಂಬುದನ್ನು ಉದಾಹರಣೆಗಳಿಂದಲೇ ತೋರಿಸಬೇಕು.

ರಕ್ತಪಿಶಾಚಿಯ ಕತೆಗಳ ಇತಿಹಾಸದಲ್ಲಿಯೇ ಇದಕ್ಕೆ ಸೊಗಸಾದ ಜೋಡಿಯೊಂದಿದೆ. 1845ರಿಂದ 1847ರ ವರೆಗೆ ಲಂಡನ್ನಿನಲ್ಲಿ 'ವಾರ್ನಿ ದಿ ವ್ಯಾಂಪೈರ್' ಎಂಬ ಕತೆ ವಾರವಾರವೂ ಒಂದು ಪೆನ್ನಿ ಬೆಲೆಯ ಕಂತುಗಳಲ್ಲಿ ಪ್ರಕಟವಾಯಿತು. ಅದರ ಕರ್ತೃ ಜೇಮ್ಸ್ ಮಾಲ್ಕಮ್ ರೈಮರ್ ಎಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಇನ್ನೂರಕ್ಕೂ ಮಿಕ್ಕ ಅಧ್ಯಾಯಗಳು, ಎಂಟುನೂರಕ್ಕೂ ಹೆಚ್ಚು ಪುಟಗಳು. ಕಂತು ಮಾರಾಟವಾಗುತ್ತಿರುವವರೆಗೆ ಕತೆ ಮುಗಿಯುವಂತಿರಲಿಲ್ಲ, ಎಳೆದಷ್ಟೂ ಲಾಭ. ಅದರ ಫಲ ಪುಟಪುಟದಲ್ಲಿಯೂ ಕಾಣುತ್ತದೆ. ವಾರ್ನಿ ಪಿಶಾಚಿಯಾದದ್ದು ಹೇಗೆ ಎಂಬುದಕ್ಕೆ ಪುಸ್ತಕ ಒಂದಕ್ಕೊಂದು ಹೊಂದದ ಉತ್ತರಗಳನ್ನು ಕೊಡುತ್ತದೆ. ಒಮ್ಮೆ ಅವನಿಗೆ ಬೇಕಾದದ್ದು ರಕ್ತ, ಇನ್ನೊಮ್ಮೆ ಹಣ. ಕತೆ ಹದಿನೆಂಟನೆಯ ಶತಮಾನದ್ದೆಂದು ಹೇಳಿದರೂ ನಡುವೆ ನೆಪೋಲಿಯನ್ನನ ಯುದ್ಧಗಳ ಸುಳಿವು ಬಂದುಬಿಡುತ್ತದೆ. ಕೊನೆಗೆ ಬೇಸತ್ತ ಪಿಶಾಚಿಯೇ ವೆಸೂವಿಯಸ್ ಜ್ವಾಲಾಮುಖಿಗೆ ಹಾರಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಓದುಗನ ಸ್ಥಿತಿಯೂ ಅದಕ್ಕಿಂತ ಬಹಳ ದೂರವಿರುವುದಿಲ್ಲ.

ಐವತ್ತು ವರ್ಷಗಳ ನಂತರ, 1897ರಲ್ಲಿ, ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ಬಂದಿತು. ರಚನೆಯ ದೃಷ್ಟಿಯಿಂದ ಇದು ವಾರ್ನಿಗಿಂತ ಕಡಿಮೆ ತೊಡಕಿನದೇನಲ್ಲ. ಒಬ್ಬನೇ ನಿರೂಪಕನಿಲ್ಲ, ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕೆಯ ವರದಿ, ಹೀಗೆ ಹಲವರ ಬರವಣಿಗೆಯನ್ನು ಸೇರಿಸಿ ಹೊಲಿದ ಕತೆ ಅದು. ಆದರೂ ಓದುಗ ದಾರಿ ತಪ್ಪುವುದಿಲ್ಲ. ಬರೆದವರು ಯಾರು, ಯಾವ ದಿನ ಎಂಬುದು ಮೊದಲೇ ನಮೂದಾಗಿರುತ್ತದೆ. ಮೊದಲ ನಾಲ್ಕು ಅಧ್ಯಾಯಗಳ ನಂತರ ಡ್ರಾಕುಲಾ ಪುಟಗಳ ಮೇಲೆ ಕಾಣಿಸಿಕೊಳ್ಳುವುದೇ ವಿರಳ. ಓದುಗನಿಗೆ ಗೊತ್ತಿರುವುದು ಪಾತ್ರಗಳಿಗೆ ಗೊತ್ತಿಲ್ಲ. ಹುಟ್ಟುವ ಭಯವೆಲ್ಲ ಆ ಅಂತರದ್ದು.

ಇಂಗ್ಲಿಷ್ ಉದಾಹರಣೆಗಳು ದೂರದವೆನಿಸಿದರೆ ಜನ್ನನ ಯಶೋಧರ ಚರಿತೆ ಇದೆ. ಸೊಲ್ಲಾಪುರಕ್ಕೆ ಈ ಕತೆ ಪರಕೀಯವಲ್ಲ. ಇದೇ ಯಶೋಧರನ ಕತೆಯನ್ನು ಸೋಮದೇವಸೂರಿ ಕ್ರಿ.ಶ. 959ರಲ್ಲಿ ಸಂಸ್ಕೃತದಲ್ಲಿ ಯಶಸ್ತಿಲಕವಾಗಿ ಬರೆದನು. ಆ ಕೃತಿಯನ್ನು ಕುರಿತು ಕೃಷ್ಣಕಾಂತ ಹಂದಿಕಿ ಅವರು ರಚಿಸಿದ ಪ್ರಸಿದ್ಧ ಅಧ್ಯಯನಗ್ರಂಥ 1949ರಲ್ಲಿ ಪ್ರಕಟವಾದದ್ದು ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ. ಜನ್ನನ ಕನ್ನಡ ಕಾವ್ಯದ ಕಾಲ 1209. ಅದರಲ್ಲಿ ರಕ್ತಕ್ಕೇನೂ ಕೊರತೆಯಿಲ್ಲ. ಕತೆ ಆರಂಭವಾಗುವುದೇ ಚಂಡಮಾರಿಯ ಗುಡಿಯಲ್ಲಿ, ಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರ ಮುಂದೆ. ಗೊಂದಲಕ್ಕೂ ಬೇಕಾದಷ್ಟು ಅವಕಾಶವಿದೆ: ಯಶೋಧರನೂ ಅವನ ತಾಯಿ ಚಂದ್ರಮತಿಯೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿ ಎಂದು ಜನ್ಮದಿಂದ ಜನ್ಮಕ್ಕೆ ಸಾಗಿ, ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗಿ ಅದೇ ಬಲಿಪೀಠದೆದುರು ನಿಂತಿದ್ದಾರೆ. ಇಷ್ಟು ಜನ್ಮಗಳ ಸುತ್ತಾಟದಲ್ಲಿಯೂ ಕೇಳುಗ ಎಳೆಯನ್ನು ಕಳೆದುಕೊಳ್ಳುವುದಿಲ್ಲ, ಏಕೆಂದರೆ ಎಲ್ಲ ಜನ್ಮಗಳಿಗೂ ಕಾರಣ ಒಂದೇ, ಹಿಟ್ಟಿನ ಕೋಳಿಯ ಬಲಿ. ನಿಜವಾದ ಪ್ರಾಣಿಯನ್ನು ಕೊಲ್ಲಬಾರದೆಂದು ಹಿಟ್ಟಿನಲ್ಲಿ ಮಾಡಿದ ಕೋಳಿ ಅದು. ಕತ್ತಿ ತಗುಲಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ.

ಈ ಕೂಗಿನ ಪ್ರಸಂಗವನ್ನು ತರಗತಿಯಲ್ಲಿ ಕತೆಯಾಗಿ ಹೇಳಿ, ಶಿಕ್ಷಕರು ಒಂದು ಕ್ಷಣ ಸುಮ್ಮನಿರುವುದು ಒಳ್ಳೆಯದು. ಅಲ್ಲಿ ಒಂದು ಹನಿ ರಕ್ತವೂ ಬಿದ್ದಿಲ್ಲ. ಆದರೂ ಇಡೀ ಕಾವ್ಯದಲ್ಲಿ ಅದಕ್ಕಿಂತ ಭಯಾನಕವಾದ ಗಳಿಗೆ ಇನ್ನೊಂದಿಲ್ಲ. ಗಿರೀಶ ಕಾರ್ನಾಡರು ಇದೇ ವಸ್ತುವಿನಿಂದ 'ಹಿಟ್ಟಿನ ಹುಂಜ' ನಾಟಕವನ್ನು ಕಟ್ಟಿದ್ದಾರೆ. ಹತ್ತನೆಯ ಇಯತ್ತೆಯ ವಿದ್ಯಾರ್ಥಿಗಳಿಗೆ ಈ ಸಂಬಂಧವನ್ನು ತಿಳಿಸಿದರೆ ಸಾಕು, ನಾಟಕ ಓದಿಸಲು ಮುಂದೆ ಕಾಲವಿದೆ.

ಭಯ ಮತ್ತು ಜುಗುಪ್ಸೆ

'ಬರೇ ರಕ್ತಾನ ರಕ್ತ' ಎಂಬ ಎರಡನೆಯ ಆಕ್ಷೇಪಣೆಯನ್ನು ವಿವರಿಸಲು ಬೇಕಾದ ಪರಿಭಾಷೆ ನಮ್ಮಲ್ಲಿ ಬಹು ಹಿಂದೆಯೇ ಸಿದ್ಧವಾಗಿದೆ. ಭರತನ ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಭಯಾನಕ ಬೇರೆ, ಬೀಭತ್ಸ ಬೇರೆ. ಮೊದಲನೆಯದರ ಸ್ಥಾಯಿಭಾವ ಭಯ, ಎರಡನೆಯದರದು ಜುಗುಪ್ಸೆ. ಭಯಾನಕವನ್ನು ಬಯಸಿ ಪುಸ್ತಕ ತೆರೆದ ಓದುಗನಿಗೆ ಬೀಭತ್ಸವನ್ನೇ ಬಡಿಸಿದಾಗ ಹುಟ್ಟುವ ಅಸಮಾಧಾನಕ್ಕೆ ವಿದ್ಯಾರ್ಥಿಯ ಬಳಿ ಹೆಸರಿರಲಿಲ್ಲ. ಹೆಸರು ಕೊಟ್ಟರೆ ಅದು ವಿಮರ್ಶೆಯಾಗುತ್ತದೆ. ರಸಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಭೇದವನ್ನು ಮನಗಾಣಿಸುವುದು ಹೆಚ್ಚಿನ ರಸಗ್ರಹಣ.

ಬೀಭತ್ಸ ಕೀಳಾದ ರಸವೆಂದು ಮಾತ್ರ ಹೇಳಬಾರದು. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕತೆಯಲ್ಲಿ ತಪಸ್ಸಿಗೆ ನಿಂತ ಮುನಿಯನ್ನು ನರಿಯೊಂದು ಮರಿಗಳೊಡನೆ ಕಾಲಿನಿಂದ ಮೊದಲುಮಾಡಿ ತಿನ್ನುತ್ತದೆ. ಕಾಲಿನಿಂದಲೇ ಏಕೆ ಎಂಬುದಕ್ಕೆ ಕತೆಯಲ್ಲಿ ಉತ್ತರವಿದೆ: ಹಿಂದಿನ ಜನ್ಮವೊಂದರಲ್ಲಿ ಆತ ಅತ್ತಿಗೆಯನ್ನು ಕಾಲಿನಿಂದ ಒದ್ದಿದ್ದನು, ಆಕೆಯೇ ಈಗ ನರಿಯಾಗಿದ್ದಾಳೆ. ಅಲ್ಲಿ ಗಾಯಕ್ಕೂ ಅರ್ಥವಿದೆ. ಮಿತಿಮೀರಿದ ಹಿಂಸೆಯ ಕಾದಂಬರಿಯ ಮುಂದೆ ಇಡಬೇಕಾದ ಪ್ರಶ್ನೆ 'ಇಷ್ಟೊಂದು ರಕ್ತ ಏಕೆ' ಎಂಬುದಲ್ಲ. 'ಈ ರಕ್ತವನ್ನು ತೆಗೆದುಹಾಕಿದರೆ ಕತೆಯಲ್ಲಿ ಏನು ಕಡಿಮೆಯಾಗುತ್ತದೆ' ಎಂಬುದು. ಏನೂ ಕಡಿಮೆಯಾಗದಿದ್ದರೆ ಉತ್ತರ ಸಿಕ್ಕಿತು.

ಮೂರನೆಯ ಅವಧಿಯಲ್ಲಿ ಕೆಳಗಿನ ಎರಡು ತುಣುಕುಗಳನ್ನು ಫಲಕದ ಮೇಲೆ ಬರೆಯಬಹುದು. ಇವೆರಡೂ ಈ ಪಾಠಕ್ಕಾಗಿಯೇ ರಚಿಸಿದವು.

ಒಂದನೆಯದು: "ಕೋಣೆಯ ತುಂಬ ರಕ್ತ. ಗೋಡೆಯ ಮೇಲೆ ರಕ್ತ. ಅವನ ಕುತ್ತಿಗೆಯಿಂದ ರಕ್ತ ಕಾರಂಜಿಯಂತೆ ಚಿಮ್ಮಿತು. ಪಿಶಾಚಿ ಗಹಗಹಿಸಿ ನಕ್ಕಿತು. ಮತ್ತೆ ರಕ್ತ ಚಿಮ್ಮಿತು."

ಎರಡನೆಯದು: "ಆ ರಾತ್ರಿ ಅಜ್ಜಿ ಊಟಕ್ಕೆ ಐದು ತಾಟು ಹಾಕಿದಳು. ಮನೆಯಲ್ಲಿದ್ದವರು ನಾಲ್ವರು. ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಉಂಡು ಎದ್ದಾಗ ಐದನೆಯ ತಾಟಿನ ರೊಟ್ಟಿಯೂ ಮುಗಿದಿತ್ತು."

ಯಾವುದು ಹೆಚ್ಚು ಹೆದರಿಸಿತು ಎಂದು ಕೇಳಿ ಕೈ ಎತ್ತಿಸುವುದರಲ್ಲಿ ತೃಪ್ತರಾಗದೆ, ಒಂದನೆಯ ತುಣುಕಿನಿಂದ 'ರಕ್ತ' ಎಂಬ ಶಬ್ದವನ್ನು ಒಂದೇ ಸಲ ಉಳಿಸಿ ಮತ್ತೆ ಬರೆಯಲು ಹೇಳಬೇಕು. ಈ ಚಿಕ್ಕ ಕೆಲಸದಲ್ಲಿ ವಿದ್ಯಾರ್ಥಿಗಳು ಕಾದಂಬರಿಕಾರನ ಕಷ್ಟವನ್ನೂ ಅರಿಯುತ್ತಾರೆ. ದೋಷ ತೋರಿಸುವವರಿಗೆ ಆ ಅರಿವೂ ಅವಶ್ಯ.

ಇಲ್ಲಿ ಒಂದು ಪ್ರಾಸಂಗಿಕ ವಿಷಯ. ಮಕ್ಕಳು ರಕ್ತಪಿಶಾಚಿಯನ್ನೂ ಬೇತಾಳವನ್ನೂ ಒಂದೇ ಎಂದು ತಿಳಿಯುವುದುಂಟು. ಆ ತಪ್ಪು ಮಕ್ಕಳದಷ್ಟೇ ಅಲ್ಲ. 1870ರಲ್ಲಿ ರಿಚರ್ಡ್ ಬರ್ಟನ್ ಬೇತಾಳ ಕತೆಗಳ ತನ್ನ ಇಂಗ್ಲಿಷ್ ರೂಪಕ್ಕೆ ಕೊಟ್ಟ ಹೆಸರು 'ವಿಕ್ರಮ್ ಅಂಡ್ ದಿ ವ್ಯಾಂಪೈರ್'. ಆದರೆ ನಮ್ಮ ಕತೆಗಳ ಬೇತಾಳ ಶವದೊಳಗೆ ಹೊಕ್ಕು, ಮರಕ್ಕೆ ತಲೆಕೆಳಗಾಗಿ ನೇತಾಡುತ್ತ, ರಾಜನ ಹೆಗಲ ಮೇಲೆ ಕುಳಿತು ಕತೆ ಹೇಳಿ ಪ್ರಶ್ನೆ ಕೇಳುತ್ತದೆ. ರಾಜನ ರಕ್ತ ಅದಕ್ಕೆ ಬೇಕಾಗಿಲ್ಲ, ಉತ್ತರ ಬೇಕು. ಮಹಾರಾಷ್ಟ್ರದ ಹಲವು ಹಳ್ಳಿಗಳಲ್ಲಿ ವೇತಾಳ ಊರು ಕಾಯುವ ದೈವ. ಇಪ್ಪತ್ತೈದು ಕತೆಗಳೂ ಸ್ಮಶಾನದ ಕತ್ತಲಲ್ಲಿಯೇ ನಡೆದರೂ ಯಾವ ಮಗುವೂ ಅವುಗಳಲ್ಲಿ ದಾರಿ ತಪ್ಪಿದ್ದನ್ನು ಯಾರೂ ಕಂಡಿಲ್ಲ: ಕೊನೆಯದೊಂದನ್ನು ಬಿಟ್ಟು ಪ್ರತಿ ಕತೆಯ ಕೊನೆಗೂ ರಾಜ ಮೌನ ಮುರಿಯುತ್ತಾನೆ, ಬೇತಾಳ ಮರಕ್ಕೆ ಮರಳುತ್ತದೆ, ಓದುಗ ತಾನು ನಿಂತ ಜಾಗವನ್ನು ಮತ್ತೆ ಕಂಡುಕೊಳ್ಳುತ್ತಾನೆ. (ಈ ಕತೆಗಳನ್ನು ಕಥಾಸರಿತ್ಸಾಗರದಲ್ಲಿ ಸೇರಿಸಿದ ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನೂ ಯಶಸ್ತಿಲಕದ ಸೋಮದೇವಸೂರಿಯೂ ಬೇರೆ ಬೇರೆ.)

ಪ್ರತಿಕೂಲ ಪುಸ್ತಕಪರಿಚಯ

ಕೊನೆಯ ಅವಧಿ ಬರವಣಿಗೆಗೆ ಮೀಸಲು. ಶಾಲೆಗಳಲ್ಲಿ ಪುಸ್ತಕಪರಿಚಯ ಎಂದರೆ ಹೊಗಳಿಕೆಯ ಲೇಖನ ಎಂಬ ರೂಢಿ ಬಿದ್ದಿದೆ. ಇಲ್ಲಿ ವಿದ್ಯಾರ್ಥಿ ತನ್ನನ್ನು ನಿರಾಶೆಗೊಳಿಸಿದ ಪುಸ್ತಕವನ್ನೇ ಕುರಿತು ಒಂದು ಪುಟ ಬರೆಯಬೇಕು. ಪುಸ್ತಕ ತೆರೆಯುವಾಗ ತಾನು ಏನನ್ನು ನಿರೀಕ್ಷಿಸಿದ್ದೆ, ಆ ನಿರೀಕ್ಷೆ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಬೇಕು. ಮುಖಪುಟದ ಚಿತ್ರ ಕೊಟ್ಟ ಭರವಸೆಗೆ ಲೇಖಕ ಹೊಣೆಗಾರನಲ್ಲದಿರಬಹುದು. ನಾರಾಯಣ ಧಾರಪ ಅಥವಾ ರತ್ನಾಕರ ಮತಕರಿ ಅವರ ಮರಾಠಿ ಕತೆಗಳನ್ನು ಓದಿ ರುಚಿ ಹತ್ತಿದವರ ನಿರೀಕ್ಷೆ ಒಂದು ಬಗೆಯದು, ಚಲನಚಿತ್ರಗಳನ್ನು ಮಾತ್ರ ನೋಡಿದವರದು ಇನ್ನೊಂದು ಬಗೆಯದು. ಆಮೇಲೆ, ಲೇಖಕನ ಉದ್ದೇಶ ಏನಿದ್ದಿರಬಹುದೆಂಬುದನ್ನು ಲೇಖಕನ ಪರವಾಗಿ ನಿಂತು ಎರಡು ವಾಕ್ಯಗಳಲ್ಲಿ ಬರೆಯಬೇಕು. ಬಹುತೇಕ ವಿದ್ಯಾರ್ಥಿಗಳಿಗೆ ಅತ್ಯಂತ ಕಷ್ಟವಾಗುವುದು ಈ ಎರಡು ವಾಕ್ಯಗಳೇ. ಅನಂತರ ದೋಷಗಳು ಬರಲಿ, ಪ್ರತಿಯೊಂದಕ್ಕೂ ಪುಟಸಂಖ್ಯೆಯೊಡನೆ. 'ಬೇಸರ ತಂದಿತು' ಎಂಬುದು ಮಾತಿನ ಆರಂಭ ಮಾತ್ರ. 'ಐವತ್ತನೆಯ ಪುಟದಿಂದ ಎಪ್ಪತ್ತನೆಯ ಪುಟದವರೆಗೆ ನಾಲ್ಕು ಕೊಲೆಗಳಾದರೂ ನಾಯಕಿಗೆ ತಿಳಿದ ಹೊಸ ಸಂಗತಿ ಒಂದೂ ಇಲ್ಲ' ಎಂಬುದು ವಿಮರ್ಶೆ.

ತರಗತಿಯಲ್ಲಿ ಅದೇ ಪುಸ್ತಕವನ್ನು ಮೆಚ್ಚಿದ ವಿದ್ಯಾರ್ಥಿನಿಯೊಬ್ಬಳು ಇದ್ದೇ ಇರುತ್ತಾಳೆ. "ನನಗ ಚಲೋ ಅನಿಸಿತ್ರೀ" ಎಂದು ಅವಳು ಹೇಳಿದಾಗ ಉಳಿದವರು ನಗುವುದಕ್ಕೆ ಎಡೆಗೊಡದೆ, ಅವಳಿಗೂ ಪುಟಸಂಖ್ಯೆಗಳನ್ನೇ ಕೇಳಬೇಕು. ಅವಳು ತೋರಿಸುವ ಪುಟದಲ್ಲಿ ಉಳಿದವರೆಲ್ಲ ಹಾರಿಸಿ ಓದಿದ ಒಂದು ಸಂಗತಿ ಇರುವುದೂ ಅಪರೂಪವಲ್ಲ. ಆಗ ಗೊಂದಲದ ಆರೋಪದಲ್ಲಿ ಸ್ವಲ್ಪ ಭಾಗವನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ, ಅದನ್ನೂ ಬರವಣಿಗೆಯಲ್ಲಿಯೇ ನಮೂದಿಸಬೇಕು.

ಭಾಷೆಯ ವಿಷಯದಲ್ಲಿ ಮೊದಲ ಕರಡು ಮನೆಯ ಕನ್ನಡದಲ್ಲಿಯೇ ಇರಲಿ. 'ತೆಲಿಗೇ ಹತ್ತಲಿಲ್ಲ' ಎಂಬುದನ್ನು 'ಅರ್ಥವಾಗಲಿಲ್ಲ' ಎಂದು ತಿದ್ದಿದ ಕೂಡಲೇ ಮಾತಿನ ಕಸುವು ಅರ್ಧ ಇಳಿಯುತ್ತದೆ. ಕರಡನ್ನು ಗ್ರಂಥಭಾಷೆಗೆ ತರುವಾಗ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ವಿದ್ಯಾರ್ಥಿಯೇ ನೋಡಿಕೊಳ್ಳಲಿ. ಮೂಲಪುಸ್ತಕ ಮರಾಠಿಯದಾಗಿದ್ದರೂ ಪರಿಚಯ ಕನ್ನಡದಲ್ಲಿರಬೇಕು. ಮರಾಠಿ ಕಾದಂಬರಿಯನ್ನು ಕನ್ನಡದಲ್ಲಿ ತೂಗಿ ನೋಡಬಲ್ಲವನಿಗೆ ತನ್ನ ಎರಡು ನುಡಿಗಳೂ ಹೊರೆಯಾಗಿ ಕಾಣುವುದಿಲ್ಲ.

ಮೌಲ್ಯಮಾಪನದಲ್ಲಿ ಪುಸ್ತಕ ಇಷ್ಟವಾಯಿತೋ ಇಲ್ಲವೋ ಎಂಬುದಕ್ಕೆ ಅಂಕವಿಲ್ಲ. ಪುಟಸಂಖ್ಯೆಯೊಡನೆ ಕೊಟ್ಟ ಆಧಾರಕ್ಕೆ, ಲೇಖಕನ ಪರವಾಗಿ ಬರೆದ ಎರಡು ವಾಕ್ಯಗಳಿಗೆ, ಭಯ ಮತ್ತು ಜುಗುಪ್ಸೆಗಳ ಭೇದವನ್ನು ಬಳಸಿಕೊಂಡ ರೀತಿಗೆ ಅಂಕ ಕೊಡಬೇಕು. ಬರೆದ ಹಾಳೆಗಳನ್ನು ತಿದ್ದಿದ ಮೇಲೆ ಕಡತದಲ್ಲಿ ಕಟ್ಟಿಡದೆ, ಶಾಲೆಯ ಗ್ರಂಥಾಲಯದ ಪುಸ್ತಕವಾದರೆ ಅದೇ ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಬೇಕು, ಮೆಚ್ಚಿದವಳ ಹಾಳೆಯನ್ನೂ ಅದರ ಪಕ್ಕದಲ್ಲಿಯೇ.